ಚೋಕ್ ತೆಗೆದರೆ ನಿಲ್ಲುವ ಎಟಿವಿ: ಜೆಟ್ ಬದಲಿಸುವ ಮುಂಚೆ ಸ್ಲೋ ಜೆಟ್ ನೋಡಿ

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದು ಕಾಫಿ ತೋಟ. ಗೊಬ್ಬರ, ಸ್ಪ್ರಿಂಕ್ಲರ್ ಪೈಪು ಸಾಗಿಸಲು 200 ಸಿಸಿಯ ಏರ್‌ಕೂಲ್ಡ್ ಎಟಿವಿ (ಕಾಡುದಾರಿಯಲ್ಲೂ ಓಡುವ ನಾಲ್ಕು ಚಕ್ರದ ಗಾಡಿ) ಇಟ್ಟುಕೊಂಡಿದ್ದೇವೆ. ಕಾರ್ಬ್ಯುರೇಟರ್ ಗಾಡಿ, ಕೈ ಚೋಕ್. ಜೂನ್‌ನಿಂದ ಮೂರು ತಿಂಗಳು ಶೆಡ್ಡಿನಲ್ಲೇ ನಿಂತಿತ್ತು. ಈಗ ಚೋಕ್ ಹಾಕಿದರೆ ಮಾತ್ರ ಸ್ಟಾರ್ಟ್ ಆಗುತ್ತದೆ, ತೆಗೆದ ಕೂಡಲೇ ಆಫ್. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಮುಗ್ಗರಿಸುತ್ತದೆ. ಇಳಿಜಾರಿನಲ್ಲಿ ನಿಲ್ಲಿಸಿದರೆ ಕೆಳಗಿನ ಪೈಪಿನಿಂದ ಪೆಟ್ರೋಲ್ ತೊಟ್ಟಿಕ್ಕುತ್ತದೆ. ಒಬ್ಬ ಮೆಕ್ಯಾನಿಕ್ ಕಾರ್ಬ್ಯುರೇಟರನ್ನೇ ಬದಲಿಸಿ ಅಂದರು. ಇನ್ನೊಬ್ಬರು, ಇದು ಎತ್ತರದ ಜಾಗ, ಸಣ್ಣ ಜೆಟ್ ಹಾಕಬೇಕು ಅಂದರು. ಯಾವುದು ಸರಿ?

ಉತ್ತರ: ಸದ್ಯಕ್ಕೆ ಎರಡೂ ಬೇಡ. ಜೆಟ್ ಅಂದರೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲನ್ನು ಅಳೆದು ಬಿಡುವ, ಸಣ್ಣ ತೂತಿನ ಹಿತ್ತಾಳೆ ತುಂಡು. ಸಣ್ಣ ಜೆಟ್ ಅಂತೂ ಖಂಡಿತ ಬೇಡ, ಅದು ರೋಗವನ್ನು ಹೆಚ್ಚಿಸುವ ಮದ್ದು. ಯಾಕೆಂದರೆ ಚೋಕ್ ಮಾಡುವ ಕೆಲಸ ಒಂದೇ: ಗಾಳಿಯ ದಾರಿ ಮುಚ್ಚಿ, ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಹೆಚ್ಚಿಸುವುದು. ಚೋಕ್ ಹಾಕಿದಾಗ ಗಾಡಿ ಬದುಕುತ್ತದೆ, ತೆಗೆದರೆ ಸಾಯುತ್ತದೆ ಅಂದರೆ ಎಂಜಿನ್‌ಗೆ ಪೆಟ್ರೋಲ್ ಸಾಲುತ್ತಿಲ್ಲ ಎಂದೇ ಅರ್ಥ. ಸಾಲದೆ ಒದ್ದಾಡುತ್ತಿರುವ ಎಂಜಿನ್‌ಗೆ ಇನ್ನೂ ಸಣ್ಣ ತೂತಿನ ಜೆಟ್ ಹಾಕಿದರೆ ಏನಾಗುತ್ತದೆ, ನೀವೇ ಯೋಚಿಸಿ. ಮಳೆಗಾಲಕ್ಕೆ ಮುಂಚೆ ಇದೇ ಜೆಟ್‌ನಲ್ಲಿ, ಇದೇ ತೋಟದಲ್ಲಿ ಗಾಡಿ ಚೆನ್ನಾಗಿ ಓಡುತ್ತಿತ್ತು. ತೋಟದ ಎತ್ತರ ಮೂರು ತಿಂಗಳಲ್ಲಿ ಬದಲಾಗಿಲ್ಲ. ಬದಲಾದದ್ದು ಕಾರ್ಬ್ಯುರೇಟರ್ ಬಟ್ಟಲಿನಲ್ಲಿ ನಿಂತ ಪೆಟ್ರೋಲ್.

ಒಳಗೆ ನಡೆಯುವುದು ಇಷ್ಟು. ಕಾರ್ಬ್ಯುರೇಟರಿನ ಕೊಳವೆ ನಡುವೆ ಕಿರಿದಾಗಿದೆ. ಪಿಸ್ಟನ್ ಎಳೆದ ಗಾಳಿ ಅಲ್ಲಿ ವೇಗವಾಗಿ ನುಗ್ಗುವುದರಿಂದ ಆ ಜಾಗದಲ್ಲಿ ಒತ್ತಡ ಕುಸಿಯುತ್ತದೆ. ಕೆಳಗಿನ ಬಟ್ಟಲಿನಲ್ಲಿರುವ ಪೆಟ್ರೋಲಿನ ಮೇಲೆ ಮಾತ್ರ ಹೊರಗಿನ ಗಾಳಿಯ ಪೂರ್ತಿ ಒತ್ತಡ ಇರುತ್ತದೆ. ಈ ವ್ಯತ್ಯಾಸವೇ ಪೆಟ್ರೋಲನ್ನು ಜೆಟ್ ಮೂಲಕ ಮೇಲಕ್ಕೆ ತಳ್ಳುವುದು. ಹಾಗಾಗಿ ಬಟ್ಟಲಿಗೆ ಗಾಳಿ ಬಿಡುವ ಸಣ್ಣ ರಬ್ಬರ್ ಪೈಪು, ಅಂದರೆ ವೆಂಟ್ ಪೈಪು, ಪೆಟ್ರೋಲ್ ಪೈಪಿನಷ್ಟೇ ಮುಖ್ಯ. ಅದು ಕಟ್ಟಿಕೊಂಡರೆ ಪೆಟ್ರೋಲ್ ಇದ್ದೂ ಮೇಲೇರುವುದಿಲ್ಲ. ಶೆಡ್ಡಿನಲ್ಲಿ ನಿಂತ ಗಾಡಿಯ ಇಂಥ ಪೈಪುಗಳ ಬಾಯಿಗೆ ಕಣಜ ಮಣ್ಣು ಮೆತ್ತಿ ಗೂಡು ಕಟ್ಟಿರುವುದು ನಮ್ಮ ಕಡೆ ಅಪರೂಪವೇನಲ್ಲ. ಮೊದಲು ಅದನ್ನೇ ನೋಡಿಬಿಡಿ.

ಪೆಟ್ರೋಲ್ ಮೇಲೇರಲು ಒಂದೇ ದಾರಿಯಿಲ್ಲ. ಆಕ್ಸಿಲರೇಟರ್ ಬಿಟ್ಟಾಗಿನಿಂದ ಸುಮಾರು ಎಂಟನೇ ಒಂದು ಭಾಗ ತೆರೆಯುವವರೆಗೆ ಸ್ಲೋ ಜೆಟ್ಟಿನದೇ ಕಾರುಬಾರು. ಅಲ್ಲಿಂದ ಕಾಲು ಭಾಗದವರೆಗೆ ಸ್ಲೈಡಿನ, ಅಂದರೆ ಆಕ್ಸಿಲರೇಟರ್ ಒತ್ತಿದಾಗ ಮೇಲೆದ್ದು ಕೊಳವೆ ತೆರೆಯುವ ಭಾಗದ, ಕೆಳ ಅಂಚಿನಲ್ಲಿ ಓರೆಯಾಗಿ ಕತ್ತರಿಸಿದ ಜಾಗ ಲೆಕ್ಕಕ್ಕೆ ಬರುತ್ತದೆ. ಕಾಲಿನಿಂದ ಮುಕ್ಕಾಲಿನವರೆಗೆ ಸ್ಲೈಡಿಗೆ ನೇತುಬಿದ್ದ ಉದ್ದ ಸೂಜಿ, ಮುಕ್ಕಾಲಿನ ಮೇಲೆ ಮೇನ್ ಜೆಟ್. ಒಂದರ ಸೀಮೆ ಇನ್ನೊಂದರೊಳಗೆ ಸ್ವಲ್ಪ ಚಾಚಿಕೊಂಡಿರುತ್ತದೆ, ಆದರೂ ರೋಗ ಪತ್ತೆಗೆ ಈ ಲೆಕ್ಕ ಸಾಕು. ಹೆಬ್ಬೆರಳಿನ ಆಕ್ಸಿಲರೇಟರ್ ಪಕ್ಕ ಒಂದು ತುಂಡು ಟೇಪ್ ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಎಂದು ಪೆನ್ನಿನಲ್ಲಿ ಗೆರೆ ಎಳೆದುಕೊಳ್ಳಿ. ಗಾಡಿ ಯಾವ ಗೆರೆಯಲ್ಲಿ ಮುಗ್ಗರಿಸುತ್ತದೆ ಎಂದು ತಿಳಿದರೆ ಯಾವ ಭಾಗ ಬಿಚ್ಚಿ ನೋಡಬೇಕು ಎಂಬುದೂ ತಿಳಿದಂತೆ.

ನಿಮ್ಮ ಗಾಡಿ ಐಡ್ಲಿಂಗ್‌ನಲ್ಲೇ ನಿಲ್ಲುವುದರಿಂದ ಬೆರಳು ತೋರುವುದು ಸ್ಲೋ ಜೆಟ್ ಕಡೆಗೆ. ಈ ಗಾತ್ರದ ಎಂಜಿನ್‌ಗಳಲ್ಲಿ ಅದರ ತೂತು ಹೆಚ್ಚುಕಡಿಮೆ 0.35ರಿಂದ 0.40 ಮಿ.ಮೀ. ಐದಾರು ಕೂದಲೆಳೆ ಒತ್ತೊತ್ತಾಗಿ ಇಟ್ಟಷ್ಟು ಅಗಲ. ಪೆಟ್ರೋಲ್ ತಿಂಗಳುಗಟ್ಟಲೆ ನಿಂತರೆ ಹಗುರ ಅಂಶಗಳು ಆರಿಹೋಗಿ, ಉಳಿದದ್ದು ಹಲಸಿನ ಮೇಣದ ಹಾಗೆ ಕಂದು ಅಂಟಾಗುತ್ತದೆ. ಮೇನ್ ಜೆಟ್ಟಿನ ತೂತು ಇದರ ಎರಡು ಪಟ್ಟಿಗಿಂತ ದೊಡ್ಡದು, ಅದು ಅರ್ಧ ಮುಚ್ಚಿದರೂ ಗಾಡಿ ಹೇಗೋ ಓಡುತ್ತದೆ. ಸ್ಲೋ ಜೆಟ್ ಎಲ್ಲಕ್ಕಿಂತ ಮೊದಲು ಕಟ್ಟಿಕೊಳ್ಳುತ್ತದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20ರಷ್ಟು ಎಥೆನಾಲ್ ಇರುತ್ತದೆ. ಎಥೆನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಮಲೆನಾಡಿನ ಮಳೆಗಾಲದ ಗಾಳಿಯಲ್ಲಿ ತೇವಕ್ಕೆ ಬರವೆಲ್ಲಿ? ಒಂದು ಮಿತಿಯವರೆಗೆ ಆ ನೀರು ಕರಗಿಕೊಂಡೇ ಇರುತ್ತದೆ. ಮಿತಿ ಮೀರಿದರೆ ನೀರು ಮತ್ತು ಎಥೆನಾಲ್ ಸೇರಿ ತಳಕ್ಕಿಳಿಯುತ್ತವೆ. ಜೆಟ್‌ಗಳು ಇರುವುದೂ ತಳದಲ್ಲೇ. ಬಟ್ಟಲಿನ ಒಳಗೋಡೆಗೆ ಬಿಳಿ ಪುಡಿ, ಹಿತ್ತಾಳೆ ಜೆಟ್ಟಿಗೆ ಹಸಿರು ಕಿಲುಬು ಹಿಡಿದಿದ್ದರೆ ಅದು ಈ ನೀರಿನ ಗುರುತು.

ಬಿಚ್ಚುವುದಕ್ಕೆ ಮುಂಚೆ

ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮುಂಚೆ ಒಂದು ಕೆಲಸ ಆಗಲೇಬೇಕು: ಎಂಜಿನ್ ಆಯಿಲ್ ನೋಡಿ. ನಿಮ್ಮ ಗಾಡಿಯಲ್ಲಿ ಪೆಟ್ರೋಲ್ ತೊಟ್ಟಿಕ್ಕುತ್ತಿದೆ ಅಂದಿರಿ. ಓವರ್‌ಫ್ಲೋ ಪೈಪಿನಿಂದ ನೆಲಕ್ಕೆ ಬಿದ್ದರೆ ನಷ್ಟ ಪೆಟ್ರೋಲಿನದು ಮಾತ್ರ. ಆದರೆ ಗಾಡಿ ವಾಲಿ ನಿಂತ ದಿಕ್ಕು ಎಂಜಿನ್ ಕಡೆಗಿದ್ದರೆ ಅದೇ ಪೆಟ್ರೋಲ್ ಇನ್‌ಟೇಕ್ ಮೂಲಕ ಸಿಲಿಂಡರಿಗೆ, ಅಲ್ಲಿಂದ ರಿಂಗ್‌ಗಳ ಸಂದಿಯಲ್ಲಿ ಕೆಳಗಿನ ಆಯಿಲ್‌ಗೆ ಇಳಿಯುತ್ತದೆ. ಡಿಪ್‌ಸ್ಟಿಕ್ ತೆಗೆದು ಮೂಸಿ. ಆಯಿಲ್ ಮಟ್ಟ ಮೇಲಿನ ಗೆರೆ ದಾಟಿದ್ದರೆ, ನೀರಿನಂತೆ ತೆಳ್ಳಗಿದ್ದರೆ, ಪೆಟ್ರೋಲ್ ವಾಸನೆ ಬಂದರೆ ಎಂಜಿನ್ ಸ್ಟಾರ್ಟ್ ಮಾಡಬೇಡಿ. ಕಾರ್ಬ್ಯುರೇಟರ್ ಸರಿಮಾಡಿ, ಆಯಿಲ್ ಬದಲಿಸಿ, ಆಮೇಲೆ ಸ್ಟಾರ್ಟ್. ತೆಳುವಾದ ಆಯಿಲ್‌ನಲ್ಲಿ ಏರು ಹತ್ತಿಸಿದರೆ ಬೇರಿಂಗ್, ಕ್ಯಾಮ್ ಸವೆಯುತ್ತವೆ. ಆಗುವ ಖರ್ಚು ಕಾರ್ಬ್ಯುರೇಟರಿನದ್ದಕ್ಕಿಂತ ಎಷ್ಟೋ ಪಟ್ಟು.

ಆಮೇಲೆ ಟ್ಯಾಂಕಿನಿಂದ ಹೊರಟು ಕೆಳಗೆ ಬನ್ನಿ. ಪೆಟ್ರೋಲ್ ಪೈಪನ್ನು ಕಾರ್ಬ್ಯುರೇಟರ್ ತುದಿಯಲ್ಲಿ ಕಳಚಿ ಒಂದು ಗಾಜಿನ ಬಾಟಲಿಗೆ ಬಿಟ್ಟು ಟ್ಯಾಪ್ ತಿರುಗಿಸಿ. ಧಾರೆ ಕಡಿಯದೆ ಬರಬೇಕು. ಮೊದಲು ಚೆನ್ನಾಗಿ ಬಂದು ಆಮೇಲೆ ಸೊರಗಿದರೆ ಟ್ಯಾಂಕ್ ಮುಚ್ಚಳದ ಗಾಳಿತೂತು ಕಟ್ಟಿದೆ. ಮುಚ್ಚಳ ಸಡಿಲಿಸಿದ ತಕ್ಷಣ ಧಾರೆ ಮತ್ತೆ ಜೋರಾಗುತ್ತದೆ. ಬಾಟಲಿಯನ್ನು ಹತ್ತು ನಿಮಿಷ ಅಲುಗಾಡಿಸದೆ ಇಡಿ. ತಳದಲ್ಲಿ ಬೇರೆ ಪದರ ಅಥವಾ ನೀರಿನ ಮಣಿಗಳು ಕಂಡರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಬೇಕು. ಇಲ್ಲದಿದ್ದರೆ ಇವತ್ತು ತೊಳೆದ ಕಾರ್ಬ್ಯುರೇಟರ್ ನಾಳೆ ಮತ್ತೆ ಅಲ್ಲಿಗೇ ಬರುತ್ತದೆ. ಇದೇ ಹೊತ್ತಿಗೆ ಪೈಪಿನ ನಡುವಿನ ಪೇಪರ್ ಫಿಲ್ಟರ್ ಹೊಸದು ಹಾಕಿ. ಅದರ ಮೇಲಿನ ಬಾಣ ಕಾರ್ಬ್ಯುರೇಟರ್ ಕಡೆಗಿರಲಿ.

ಕೆಲವು ಗಾಡಿಗಳಲ್ಲಿ ಕೈಯಿಂದ ಮುಚ್ಚುವ ಟ್ಯಾಪ್ ಬದಲು ಎಂಜಿನ್ ಎಳೆತಕ್ಕೆ ತೆರೆದುಕೊಳ್ಳುವ ವ್ಯಾಕ್ಯೂಮ್ ಟ್ಯಾಪ್ ಇರುತ್ತದೆ. ಅದರ ಸಣ್ಣ ಪೈಪನ್ನು ಇನ್‌ಟೇಕ್ ಕಡೆಯಿಂದ ಕಳಚಿ ನೋಡಿ. ಅದರೊಳಗೆ ಪೆಟ್ರೋಲ್ ಹಸಿ ಇದ್ದರೆ ಒಳಗಿನ ರಬ್ಬರ್ ಪೊರೆ ಹರಿದಿದೆ, ಟ್ಯಾಪನ್ನೇ ಬದಲಿಸಬೇಕು.

ಏರ್ ಫಿಲ್ಟರ್ ಡಬ್ಬಿಯನ್ನೂ ತೆರೆಯಿರಿ. ತಳದಲ್ಲಿ ಮುಚ್ಚಳ ಹಾಕಿದ ಸಣ್ಣ ರಬ್ಬರ್ ನಳಿಕೆ ಇರುತ್ತದೆ. ಮಳೆಗಾಲದ ನೀರು ಅಲ್ಲಿ ನಿಲ್ಲುವುದು. ಸ್ಪಂಜಿನ ಫಿಲ್ಟರ್ ಆದರೆ ಸೀಮೆಎಣ್ಣೆಯಲ್ಲಿ ಅದ್ದಿ ಹಿಂಡಿ, ಸೋಪು ನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ. ತಿರುಚಿ ಹಿಂಡಿದರೆ ಹರಿಯುತ್ತದೆ, ಅಂಗೈ ನಡುವೆ ಒತ್ತಿ. ಒಣಗಿದ ಮೇಲೆ ಫಿಲ್ಟರ್ ಆಯಿಲ್ ಅಥವಾ ಹೊಸ ಎಂಜಿನ್ ಆಯಿಲ್ ಹಚ್ಚಿ, ಎಲ್ಲ ಕಡೆ ಹರಡುವಂತೆ ಒತ್ತಿ, ಹೆಚ್ಚಾದದ್ದನ್ನು ಹಿಂಡಿ ತೆಗೆಯಿರಿ. ಆಯಿಲ್ ಇಲ್ಲದ ಒಣ ಸ್ಪಂಜು ಧೂಳು ತಡೆಯುವುದಿಲ್ಲ. ಕೊಯ್ಲಿನ ಕಾಲದಲ್ಲಿ, ಜನವರಿಯಿಂದ ಮಾರ್ಚ್‌ವರೆಗೆ ತೋಟದ ದಾರಿ ಹುಡಿ ಹಾರುವಾಗ, ದಿನವೂ ಓಡುವ ಗಾಡಿಗೆ ವಾರಕ್ಕೊಮ್ಮೆ ಈ ಕೆಲಸ ಹೆಚ್ಚಲ್ಲ.

ಕಳಚುವುದು, ತೊಳೆಯುವುದು

ಕೆಲಸ ಅಂಗಳದಲ್ಲಿ, ಬಯಲು ಗಾಳಿಯಲ್ಲಿ ಆಗಲಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುತ್ತದೆ. ಹತ್ತು ಮಾರು ಕೆಳಗೆ ಬಚ್ಚಲೊಲೆ ಉರಿಯುತ್ತಿದ್ದರೆ ಅಲ್ಲಿಯವರೆಗೂ ಹೋದೀತು. ಬ್ಯಾಟರಿಯ ನೆಗೆಟಿವ್ ವೈರ್ ಕಳಚಿಡಿ. ಟ್ಯಾಪ್ ಮುಚ್ಚಿ, ಬಟ್ಟಲಿನ ಡ್ರೈನ್ ಸ್ಕ್ರೂ ಸಡಿಲಿಸಿ ಉಳಿದ ಪೆಟ್ರೋಲನ್ನು ಬಾಟಲಿಗೆ ಇಳಿಸಿ. ಪ್ರತಿ ಪೈಪು ಕಳಚುವ ಮುಂಚೆ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ.

ನಿಮ್ಮಂಥ 200 ಸಿಸಿ ಗಾಡಿಗಳಲ್ಲಿ ಸಾಮಾನ್ಯವಾಗಿ ಕೇಬಲ್ಲೇ ಸ್ಲೈಡನ್ನು ಎತ್ತುತ್ತದೆ. ಮೇಲಿನ ಮುಚ್ಚಳ ತಿರುಗಿಸಿ ತೆಗೆದರೆ ಸ್ಪ್ರಿಂಗ್, ಸ್ಲೈಡ್, ಸೂಜಿ ಒಟ್ಟಿಗೆ ಹೊರಬರುತ್ತವೆ. ಅದನ್ನು ಬಟ್ಟೆಯಲ್ಲಿ ಸುತ್ತಿ ಹ್ಯಾಂಡಲ್ ಮೇಲೆ ಹಾಕಿ; ಸೂಜಿ ಬಗ್ಗಬಾರದು. ಆಮೇಲೆ ಎಂಜಿನ್ ಕಡೆಯ ಎರಡು ಬೋಲ್ಟ್, ಫಿಲ್ಟರ್ ಕಡೆಯ ಕ್ಲಿಪ್ ಬಿಚ್ಚಿ ಕಾರ್ಬ್ಯುರೇಟರ್ ಹೊರತೆಗೆಯಿರಿ. ಹೊರಮೈ ಮಣ್ಣನ್ನು ಈಗಲೇ ತೊಳೆದುಬಿಡಿ, ಬಟ್ಟಲು ತೆರೆದ ಮೇಲೆ ಒಂದು ಹರಳು ಮರಳೂ ಒಳಗೆ ಬೀಳಬಾರದು.

ಬಟ್ಟಲಿನ ಸ್ಕ್ರೂಗಳು ಮೆತ್ತಗಿನ ಲೋಹದವು, ಎರಡು ಸಲ ಜಾರಿದರೆ ತಲೆ ಹೋಗುತ್ತದೆ. ತಲೆಗೆ ಸರಿಯಾಗಿ ಕೂರುವ ಸ್ಟಾರ್ ಸ್ಕ್ರೂಡ್ರೈವರ್ ಹಿಡಿದು, ಹಿಂದಿನಿಂದ ಒಂದು ಸಣ್ಣ ಪೆಟ್ಟು ಕೊಟ್ಟು, ಒತ್ತಿ ತಿರುಗಿಸಿ. ಬಟ್ಟಲು ಬಂದ ಮೇಲೆ ಫ್ಲೋಟ್, ಅದರ ಅಡ್ಡ ಪಿನ್ನು, ಪಿನ್ನು ತೆಗೆದರೆ ಫ್ಲೋಟಿಗೆ ನೇತುಬಿದ್ದ ಚೂಪು ಮೊನೆಯ ನೀಡಲ್ ಕಾಣುತ್ತವೆ. ನಡುವಿನ ಹಿತ್ತಾಳೆ ಕಂಬದ ತುದಿಯಲ್ಲಿರುವುದು ಮೇನ್ ಜೆಟ್. ಪಕ್ಕದ ಆಳವಾದ ತೂತಿನೊಳಗೆ ಅಡಗಿ ಕೂತಿರುವುದು ಸ್ಲೋ ಜೆಟ್. ಅದಕ್ಕೆ ಚಪ್ಪಟೆ ಸ್ಕ್ರೂಡ್ರೈವರ್ ಬೇಕು, ಅಗಲ ಸರಿಯಾಗಿ ತೂತಿನಷ್ಟೇ ಇರಬೇಕು. ಹಿತ್ತಾಳೆ ಎಷ್ಟು ಮೆದು ಎಂದರೆ ಸಣ್ಣ ಮೊನೆಯಲ್ಲಿ ಎಳೆದಾಡಿದರೆ ಸೀಳು ಹರಿದು ಜೆಟ್ ಅಲ್ಲೇ ಉಳಿಯುತ್ತದೆ. ಕೆಲವು ಅಗ್ಗದ ಕಾರ್ಬ್ಯುರೇಟರ್‌ಗಳಲ್ಲಿ ಸ್ಲೋ ಜೆಟ್ಟನ್ನು ಒತ್ತಿ ಕೂರಿಸಿರುತ್ತಾರೆ, ತೆಗೆಯಲು ಬರುವುದಿಲ್ಲ. ಸೀಳು ಕಾಣದಿದ್ದರೆ ಕಿತ್ತಾಡಬೇಡಿ, ಇದ್ದಲ್ಲೇ ತೊಳೆಯಿರಿ.

ಐಡ್ಲಿಂಗ್‌ನ ಮಿಶ್ರಣ ಹದಮಾಡುವ ಮಿಕ್ಸ್ಚರ್ ಸ್ಕ್ರೂ ಬಿಚ್ಚುವಾಗ ಒಂದು ಶಿಸ್ತು ಬೇಕು. ಮೊದಲು ಅದನ್ನು ಒಳಕ್ಕೆ ನಿಧಾನವಾಗಿ ತಿರುಗಿಸುತ್ತಾ ಎಷ್ಟು ಸುತ್ತಿಗೆ ತಳ ಮುಟ್ಟಿತು ಎಂದು ಎಣಿಸಿ ಬರೆದಿಡಿ. ಒಂದೂವರೆ, ಒಂದೂ ಮುಕ್ಕಾಲು, ಹೀಗೆ ಏನೋ ಬರುತ್ತದೆ. ತಳ ಮುಟ್ಟಿದ ಮೇಲೆ ಬಿಗಿ ಮಾಡಬೇಡಿ. ಅದರ ಮೊನೆ ಕೂರುವ ಜಾಗದಲ್ಲಿ ತೋಡು ಬಿದ್ದರೆ ಮುಂದೆ ಟ್ಯೂನಿಂಗ್ ಸರಿಯಾಗಿ ಹಿಡಿಯುವುದೇ ಇಲ್ಲ. ಈಗ ಪೂರ್ತಿ ಬಿಚ್ಚಿ. ಹಿಂದೆ ಸ್ಪ್ರಿಂಗ್, ಆಮೇಲೆ ಸಾಸಿವೆಯಷ್ಟು ತೂತಿರುವ ವಾಷರ್, ಕೊನೆಗೆ ಇನ್ನೂ ಪುಟ್ಟ ಓ ರಿಂಗ್. ವಾಷರ್ ಮತ್ತು ಓ ರಿಂಗ್ ಹೆಚ್ಚಿನ ಸಲ ಒಳಗೇ ಅಂಟಿಕೊಂಡಿರುತ್ತವೆ. ಗಮನಿಸದೆ ಗಾಳಿ ಹೊಡೆದರೆ ಹುಲ್ಲಿಗೆ ಹಾರಿಹೋಗಿ ಮತ್ತೆ ಸಿಗುವುದಿಲ್ಲ. ಓ ರಿಂಗ್ ಇಲ್ಲದೆ ಜೋಡಿಸಿದರೆ ಅಲ್ಲಿಂದ ಗಾಳಿ ಕದ್ದು ನುಗ್ಗಿ ಐಡ್ಲಿಂಗ್ ಹತೋಟಿಗೆ ಬರುವುದಿಲ್ಲ.

ತೊಳೆಯಲು ಕಾರ್ಬ್ಯುರೇಟರ್ ಕ್ಲೀನರ್ ಸ್ಪ್ರೇ ಒಳ್ಳೆಯದು. ಕಣ್ಣಿಗೆ ಕನ್ನಡಕ ಇರಲಿ, ಒಂದು ತೂತಿಗೆ ಹೊಡೆದದ್ದು ಇನ್ನೊಂದರಿಂದ ನೇರ ಮುಖಕ್ಕೆ ಬರುತ್ತದೆ. ರಬ್ಬರಿಗೆ ತಗುಲಿದರೆ ಅದು ಉಬ್ಬುತ್ತದೆ, ಆದ್ದರಿಂದ ಓ ರಿಂಗ್, ಗ್ಯಾಸ್ಕೆಟ್ ಎಲ್ಲ ಮೊದಲೇ ತೆಗೆದಿರಬೇಕು. ಥಿನ್ನರ್ ಬೇಡ. ಹಳೆ ಅಂಟು ಬಿಡದಿದ್ದರೆ ಜೆಟ್‌ಗಳನ್ನು ಕ್ಲೀನರ್‌ನಲ್ಲಿ ರಾತ್ರಿಯಿಡೀ ನೆನೆಹಾಕಿ. ತೂತಿಗೆ ಗುಂಡುಸೂಜಿ, ಸ್ಟೀಲ್ ತಂತಿ ಹಾಕಲೇಬೇಡಿ. 0.38 ಮಿ.ಮೀ. ತೂತು ಒಂದೇ ಕೆರೆತಕ್ಕೆ 0.42 ಆದರೆ ಹರಿಯುವ ಜಾಗ ನೂರಕ್ಕೆ 22ರಷ್ಟು ಹೆಚ್ಚಾಯಿತು, ಆ ಜೆಟ್ ಹಾಳಾದಂತೆಯೇ. ಹಳೆ ವೈರಿನೊಳಗಿನ ತಾಮ್ರದ ಒಂದೇ ಎಳೆ, ಅಥವಾ ನೈಲಾನ್ ಬ್ರಷ್ಷಿನ ಒಂದು ಕೂದಲು ಸಾಕು. ಆಮೇಲೆ ಜೆಟ್ಟನ್ನು ಆಕಾಶಕ್ಕೆ ಹಿಡಿದು ಒಂದು ಕಣ್ಣಲ್ಲಿ ನೋಡಿ. ತುದಿಯಲ್ಲಿ ಕಾಣುವ ಬೆಳಕಿನ ಚುಕ್ಕೆ ಪೂರ್ತಿ ದುಂಡಗಿರಬೇಕು. ಚಂದ್ರ ಕ್ಷೀಣಿಸಿದ ಹಾಗೆ ಒಂದು ಪಕ್ಕ ಕಚ್ಚಿದಂತಿದ್ದರೆ ಇನ್ನೂ ಅಂಟಿದೆ ಎಂದೇ ಲೆಕ್ಕ. ಜೆಟ್ಟಿನ ಪಕ್ಕೆಯಲ್ಲಿರುವ ಸಣ್ಣ ಅಡ್ಡ ತೂತುಗಳನ್ನೂ ಮರೆಯಬೇಡಿ, ಪೆಟ್ರೋಲಿನೊಳಗೆ ಗಾಳಿಗುಳ್ಳೆ ಬೆರೆಸುವುದು ಅವೇ.

ಜೆಟ್ ತೊಳೆದು ಬಾಡಿಯ ಒಳದಾರಿಗಳನ್ನು ಬಿಟ್ಟವರ ಗಾಡಿಯೇ ಮತ್ತೆ ಮತ್ತೆ ಗ್ಯಾರೇಜಿಗೆ ಬರುವುದು. ಸ್ಲೋ ಜೆಟ್ ಬಿಚ್ಚಿದ ತೂತಿಗೆ ಸ್ಪ್ರೇ ನಳಿಕೆ ಇಟ್ಟು ಒತ್ತಿ. ಮಿಕ್ಸ್ಚರ್ ಸ್ಕ್ರೂವಿನ ತೂತಿನಿಂದ, ಕೊಳವೆಯೊಳಗೆ ಸ್ಲೈಡ್ ಕೂರುವ ಜಾಗದ ಮುಂದಿರುವ ಒಂದೆರಡು ಚುಕ್ಕಿ ತೂತುಗಳಿಂದ, ಫಿಲ್ಟರ್ ಕಡೆಯ ಬಾಯಿಯಲ್ಲಿರುವ ಗಾಳಿತೂತಿನಿಂದ ದ್ರವ ಚಿಮ್ಮಬೇಕು. ಒಂದೊಂದನ್ನೇ ಬೆರಳಿನಿಂದ ಮುಚ್ಚಿ ಉಳಿದವನ್ನು ಪರೀಕ್ಷಿಸಿ. ಆಕ್ಸಿಲರೇಟರ್ ಒತ್ತುತ್ತಲೇ ಮುಗ್ಗರಿಸುತ್ತದೆ ಅಂದಿರಲ್ಲ, ಅದಕ್ಕೆ ಕಾರಣ ಹೆಚ್ಚಾಗಿ ಆ ಚುಕ್ಕಿ ತೂತುಗಳೇ. ಸ್ಲೈಡ್ ಮೇಲೇಳಲು ತೊಡಗಿ, ಸೂಜಿಯ ಪೆಟ್ರೋಲ್ ಇನ್ನೂ ಬಾರದ ಆ ಅರೆಗಳಿಗೆಯನ್ನು ದಾಟಿಸುವುದು ಅವು. ಕೊನೆಗೆ ಪಂಕ್ಚರ್ ಅಂಗಡಿಯ ಕಂಪ್ರೆಸರಿನ ಗಾಳಿ ಸಿಕ್ಕರೆ ಎಲ್ಲ ದಾರಿಗೂ ಹೊಡೆಯಿರಿ. ಫ್ಲೋಟ್ ಬಾಡಿಯಲ್ಲಿರುವಾಗ ಮಾತ್ರ ಬೇಡ.

ತೊಟ್ಟಿಕ್ಕುವ ಪೆಟ್ರೋಲ್

ಫ್ಲೋಟ್ ಮತ್ತು ನೀಡಲ್ ಕೆಲಸ ಮನೆಯ ನೀರಿನ ಟ್ಯಾಂಕಿನ ಚೆಂಡು ನಲ್ಲಿಯದೇ. ಮಟ್ಟ ಏರಿದಾಗ ಫ್ಲೋಟ್ ತೇಲಿ ನೀಡಲನ್ನು ಸೀಟಿಗೆ ಒತ್ತಿ ಮುಚ್ಚುತ್ತದೆ. ನೀಡಲಿನ ರಬ್ಬರ್ ಮೊನೆಯನ್ನು ಬಿಸಿಲಿಗೆ ಹಿಡಿದು ನೋಡಿ. ಸುತ್ತ ಉಂಗುರದಂಥ ಗೆರೆ ಒತ್ತಿದ್ದರೆ ಅದು ಇನ್ನು ಮುಚ್ಚುವುದಿಲ್ಲ, ಹೊಸದು ಹಾಕಿ. ಹಿಂತುದಿಯ ಪುಟ್ಟ ಸ್ಪ್ರಿಂಗ್ ಪಿನ್ನು ಒತ್ತಿದರೆ ಒಳಹೋಗಿ ವಾಪಸ್ ಬರಬೇಕು. ಸೀಟನ್ನು ಹತ್ತಿ ಸುತ್ತಿದ ಕಡ್ಡಿಯಿಂದ ಹೊಳಪು ಬರುವಂತೆ ಒರೆಸಿ. ಫ್ಲೋಟನ್ನು ಕಿವಿ ಹತ್ತಿರ ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಕುಲುಕಿದರೆ ಅದು ಮುಳುಗುವ ಫ್ಲೋಟ್.

ಫ್ಲೋಟ್ ಎತ್ತರದ ಅಳತೆ ಪ್ರತಿ ಮಾದರಿಗೂ ಬೇರೆ, ನಿಮ್ಮ ಗಾಡಿಯ ಪುಸ್ತಕದಲ್ಲಿರುವುದೇ ಪ್ರಮಾಣ. ಅಳೆಯುವಾಗ ಕಾರ್ಬ್ಯುರೇಟರನ್ನು ಓರೆಯಾಗಿ ಹಿಡಿದು, ಫ್ಲೋಟಿನ ನಾಲಗೆ ಸ್ಪ್ರಿಂಗ್ ಪಿನ್ನನ್ನು ಮುಟ್ಟಿದ್ದರೂ ಒತ್ತದ ಸ್ಥಿತಿಯಲ್ಲಿ, ಗ್ಯಾಸ್ಕೆಟ್ ಕೂರುವ ಅಂಚಿನಿಂದ ಫ್ಲೋಟಿನ ತುದಿಯವರೆಗೆ ಅಳೆಯಬೇಕು. ಪುಸ್ತಕ ಇಲ್ಲದವರಿಗೆ ಇನ್ನೊಂದು ದಾರಿ: ಎಲ್ಲ ಜೋಡಿಸಿದ ಮೇಲೆ ಡ್ರೈನ್ ನಳಿಕೆಗೆ ಪಾರದರ್ಶಕ ಪೈಪು ಸಿಕ್ಕಿಸಿ, ಅದನ್ನು ಬಟ್ಟಲಿನ ಪಕ್ಕ ಮೇಲ್ಮುಖವಾಗಿ ಹಿಡಿದು ಡ್ರೈನ್ ಸ್ಕ್ರೂ ತೆರೆಯಿರಿ. ಪೈಪಿನಲ್ಲಿ ಕಾಣುವ ಮಟ್ಟವೇ ಬಟ್ಟಲಿನ ಮಟ್ಟ. ಸಾಮಾನ್ಯವಾಗಿ ಅದು ಬಟ್ಟಲು ಮತ್ತು ಬಾಡಿ ಸೇರುವ ಗೆರೆಗಿಂತ ಕೆಲವೇ ಮಿ.ಮೀ. ಕೆಳಗಿರುತ್ತದೆ. ಗೆರೆ ದಾಟಿ ಏರುತ್ತಲೇ ಹೋದರೆ ನೀಡಲ್ ಮುಚ್ಚುತ್ತಿಲ್ಲ. ಗಾಡಿ ಸಮತಟ್ಟು ನೆಲದಲ್ಲಿರಬೇಕು ಎಂಬುದು ನೆನಪಿರಲಿ.

ಕಡಿದಾದ ಇಳಿಜಾರಿನಲ್ಲಿ ಓರೆಯಾಗಿ ನಿಲ್ಲಿಸಿದರೆ ಆರೋಗ್ಯವಂತ ಕಾರ್ಬ್ಯುರೇಟರೂ ನಾಲ್ಕು ಹನಿ ಚೆಲ್ಲಬಹುದು, ಫ್ಲೋಟಿಗೆ ಸಮತಲವೇ ತಪ್ಪಿರುತ್ತದೆ. ಅದಕ್ಕೆ ಮದ್ದು ಟ್ಯಾಪ್ ಮುಚ್ಚುವುದು. ಕೆಲಸ ಮುಗಿಸಿ ಇಳಿಯುವ ಆಳುಗಳಿಗೂ ಇದು ಅಭ್ಯಾಸವಾಗಲಿ: ಕೀ ತೆಗೆಯುವ ಮುಂಚೆ ಟ್ಯಾಪ್. ಟ್ರೇಲರಿನಲ್ಲೋ ಪಿಕಪ್‌ನಲ್ಲೋ ಹೇರಿಕೊಂಡು ಚಾರ್ಮಾಡಿ ಘಾಟಿ ಇಳಿಸುವಾಗಲೂ ಅಷ್ಟೆ.

ಜೋಡಿಸಿ ಟ್ಯೂನ್ ಮಾಡುವುದು

ಸ್ಲೈಡಿನ ಓರೆ ಕತ್ತರಿಸಿದ ಅಂಚು ಏರ್ ಫಿಲ್ಟರ್ ಕಡೆಗಿರಬೇಕು, ಅದರ ಪಕ್ಕದ ಸೀಳು ಬಾಡಿಯೊಳಗಿನ ಗೂಟಕ್ಕೆ ಕೂರಬೇಕು. ತಿರುಗುಮುರುಗಾದರೆ ಸ್ಲೈಡ್ ಪೂರ್ತಿ ಇಳಿಯದೆ, ಸ್ಟಾರ್ಟ್ ಮಾಡಿದೊಡನೆ ಎಂಜಿನ್ ಕೂಗಿ ಗಾಡಿ ನುಗ್ಗುತ್ತದೆ. ಆದ್ದರಿಂದ ಸ್ಟಾರ್ಟ್ ಮಾಡುವ ಮುಂಚೆ ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ಎರಡೂ ಕಡೆ ಆಕ್ಸಿಲರೇಟರ್ ಒತ್ತಿ ಬಿಡಿ. ಟಕ್ ಎಂದು ಸ್ಲೈಡ್ ತಳಕ್ಕೆ ಬಡಿದ ಸದ್ದು ಕೇಳಬೇಕು. ಲಿವರ್ ತುದಿಯಲ್ಲಿ 3ರಿಂದ 5 ಮಿ.ಮೀ. ಸಡಿಲ ಇರಲಿ.

ಎಂಜಿನ್ ಮತ್ತು ಕಾರ್ಬ್ಯುರೇಟರ್ ನಡುವಿನ ಓ ರಿಂಗ್ ಚಪ್ಪಟೆಯಾಗಿದ್ದರೆ ಬದಲಿಸಿ. ಎರಡು ಬೋಲ್ಟ್‌ಗಳನ್ನು ಸರದಿಯಲ್ಲಿ, ಸಮನಾಗಿ, ಹದವಾಗಿ ಬಿಗಿ ಮಾಡಿ; ಅತಿ ಬಿಗಿದರೆ ಫ್ಲೇಂಜ್ ಬಾಗಿ ಅಲ್ಲೇ ಗಾಳಿ ನುಸುಳುತ್ತದೆ. ಅಲ್ಲಿ ಸೋರಿಕೆ ಇದ್ದರೂ ರೋಗಲಕ್ಷಣ ನಿಮ್ಮದೇ: ಚೋಕ್ ಬೇಕು, ಐಡ್ಲಿಂಗ್ ನಿಲ್ಲದು. ಪತ್ತೆಗೆ, ಓಡುವ ಎಂಜಿನ್‌ನ ಆ ಜಾಯಿಂಟಿಗೆ ಸ್ಪ್ರೇ ಬಾಟಲಿಯಿಂದ ಸೋಪು ನೀರು ಹೊಡೆಯಿರಿ. ಸದ್ದು ಬದಲಾದರೆ ಸೋರಿಕೆ ಇದೆ. ಕ್ಲೀನರ್ ಸ್ಪ್ರೇ ಹೊಡೆದು ನೋಡುವವರೂ ಇದ್ದಾರೆ, ಬಿಸಿ ಸೈಲೆನ್ಸರ್ ಪಕ್ಕದಲ್ಲೇ ಇರುವಾಗ ಅದು ಬೆಂಕಿ ಜೊತೆ ಆಟ.

ಮಿಕ್ಸ್ಚರ್ ಸ್ಕ್ರೂವನ್ನು ನೀವು ಬರೆದಿಟ್ಟ ಲೆಕ್ಕಕ್ಕೆ ಇಡಿ, ಲೆಕ್ಕ ತಪ್ಪಿದ್ದರೆ ತಳದಿಂದ ಒಂದೂವರೆ ಸುತ್ತು ಹೊರಗೆ. ಹತ್ತು ನಿಮಿಷ ಓಡಿಸಿ ಎಂಜಿನ್ ಬಿಸಿಯಾದ ಮೇಲೆಯೇ ಟ್ಯೂನಿಂಗ್. ಐಡ್ಲ್ ಸ್ಕ್ರೂವಿನಿಂದ ಸದ್ದು ಸ್ವಲ್ಪ ಏರಿಸಿಕೊಂಡು, ಮಿಕ್ಸ್ಚರ್ ಸ್ಕ್ರೂವನ್ನು ಕಾಲು ಕಾಲು ಸುತ್ತು ಆಚೀಚೆ ತಿರುಗಿಸಿ. ಪ್ರತಿ ಸಲ ಹತ್ತು ಸೆಕೆಂಡ್ ಕಾಯಿರಿ. ಸದ್ದು ಅತಿ ವೇಗವೂ ಅತಿ ಸಮವೂ ಆದ ಜಾಗವೇ ಅದರ ಜಾಗ. ಆಮೇಲೆ ಐಡ್ಲ್ ಸ್ಕ್ರೂವಿನಿಂದ 1,400ರಿಂದ 1,500 ಆರ್‌ಪಿಎಂಗೆ ಇಳಿಸಿ. ಬೆಲ್ಟ್ ಕ್ಲಚ್ಚಿನ ಗಾಡಿಯಾದರೆ ಗೇರಿನಲ್ಲಿಟ್ಟಾಗ ಚಕ್ರ ತಾನೇ ತೆವಳಬಾರದು, ಅದೇ ಮೇಲ್ಮಿತಿ.

ಯಾವ ಕಡೆ ತಿರುಗಿಸಿದರೆ ಏನು ಎಂಬಲ್ಲಿ ಬಹಳ ಜನ ಎಡವುತ್ತಾರೆ. ಸ್ಕ್ರೂ ಏರ್ ಫಿಲ್ಟರ್ ಕಡೆ ಇದ್ದರೆ ಅದು ಗಾಳಿಯ ಸ್ಕ್ರೂ, ಹೊರಕ್ಕೆ ತಿರುಗಿಸಿದಷ್ಟೂ ಪೆಟ್ರೋಲಿನ ಪಾಲು ಕಡಿಮೆ. ಎಂಜಿನ್ ಕಡೆ ಇದ್ದರೆ ಅದು ಪೆಟ್ರೋಲಿನ ಸ್ಕ್ರೂ, ಹೊರಕ್ಕೆ ತಿರುಗಿಸಿದಷ್ಟೂ ಪೆಟ್ರೋಲ್ ಹೆಚ್ಚು. ಎಂಜಿನ್ ಕಡೆಯ ಸ್ಕ್ರೂ ಮೂರು ಸುತ್ತು ಹೊರಬಂದರೂ ಐಡ್ಲಿಂಗ್ ಸಾಲದಿದ್ದರೆ ಸ್ಲೋ ಜೆಟ್ ಇನ್ನೂ ಕಟ್ಟಿದೆ ಎಂದು ತಿಳಿದು ಮತ್ತೆ ಬಿಚ್ಚಿ.

ಅರ್ಧ ಗೆರೆಯಲ್ಲಿ ಎಳೆತ ಸಾಲದಿದ್ದರೆ ಸೂಜಿಯ ಕ್ಲಿಪ್ ನೋಡಬಹುದು. ಸೂಜಿಯ ಮೇಲ್ತುದಿಯಲ್ಲಿ ಕ್ಲಿಪ್ ಕೂರಲು ಸಾಮಾನ್ಯವಾಗಿ ಐದು ಕಚ್ಚುಗಳಿರುತ್ತವೆ. ಕ್ಲಿಪ್ಪನ್ನು ಒಂದು ಕಚ್ಚು ಕೆಳಗಿಟ್ಟರೆ ಸೂಜಿ ಅಷ್ಟು ಮೇಲೇರಿ ಪೆಟ್ರೋಲ್ ಹೆಚ್ಚುತ್ತದೆ. ಒಂದೇ ಸಲಕ್ಕೆ ಒಂದೇ ಬದಲಾವಣೆ, ಅದೂ ತೊಳೆದು ಮುಗಿದ ಮೇಲೆ.

ಕೇಬಲ್ಲಿನ ಬದಲು ರಬ್ಬರ್ ಪೊರೆಯಿಂದ ಸ್ಲೈಡ್ ಏಳುವ ಸಿವಿ ಕಾರ್ಬ್ಯುರೇಟರ್ ಇದ್ದವರು ಆ ಪೊರೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ಸೂಜಿಮೊನೆಯಷ್ಟು ತೂತಿದ್ದರೂ ಗಾಡಿ ಐಡ್ಲಿಂಗ್‌ನಲ್ಲಿ ಚೆನ್ನಾಗಿದ್ದು ಮೇಲಕ್ಕೆ ಏರುವುದೇ ಇಲ್ಲ.

ಎತ್ತರದ ಮಾತು

ಸಣ್ಣ ಜೆಟ್ ಸಲಹೆಯಲ್ಲಿ ಒಂದು ನಿಜವಿದೆ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗಿ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಹೆಚ್ಚುತ್ತದೆ. ಮೂಡಿಗೆರೆ, ಸಕಲೇಶಪುರ 950 ಮೀಟರಿನ ಆಸುಪಾಸಿನಲ್ಲಿವೆ, ಚಿಕ್ಕಮಗಳೂರು ಪೇಟೆ ಸಾವಿರದ ಮೇಲೆ. ಸಾವಿರ ಮೀಟರಿನಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಸುಮಾರು ನೂರಕ್ಕೆ 9ರಷ್ಟು ಕಡಿಮೆ. ಅದರಿಂದ ಮಿಶ್ರಣ ಗಟ್ಟಿಯಾಗುವುದು ನೂರಕ್ಕೆ 4–5ರಷ್ಟು. ಇನ್ನೊಂದು ತಟ್ಟೆಯಲ್ಲಿ ಇ20, ಅಂದರೆ ನೂರಕ್ಕೆ 20 ಎಥೆನಾಲ್ ಬೆರೆತ ಪೆಟ್ರೋಲ್ ಇದೆ. ಶುದ್ಧ ಪೆಟ್ರೋಲ್ ಒಂದು ಗ್ರಾಂ ಉರಿಯಲು 14.7 ಗ್ರಾಂ ಗಾಳಿ ಬೇಕು, ಇ20ಗೆ ಸುಮಾರು 13.5 ಸಾಕು. ಅಂದರೆ ಶುದ್ಧ ಪೆಟ್ರೋಲಿಗೆಂದು ಜೆಟ್ ಹಾಕಿದ ಗಾಡಿಗೆ ಇ20 ಹಾಕಿದರೆ ಮಿಶ್ರಣ ನೂರಕ್ಕೆ 7–8ರಷ್ಟು ತೆಳುವಾಗುತ್ತದೆ. ಎತ್ತರ ಗಟ್ಟಿ ಮಾಡಿದ್ದನ್ನು ಇ20 ತೆಳು ಮಾಡಿ, ಲೆಕ್ಕ ಸ್ವಲ್ಪ ತೆಳು ಕಡೆಗೇ ವಾಲುತ್ತದೆ. ಬೇರೆ ದೇಶದವರು ತಮ್ಮ ಪೆಟ್ರೋಲಿಗೆ ಬರೆದ ಎತ್ತರದ ಪಟ್ಟಿ ನಮ್ಮ ತೋಟಕ್ಕೆ ಹಾಗೇ ಹೊಂದುವುದಿಲ್ಲ. 1,930 ಮೀಟರಿನ ಮುಳ್ಳಯ್ಯನಗಿರಿಯ ಬೆನ್ನಲ್ಲೇ ದಿನವೂ ಗಾಡಿ ಓಡಿಸುವವರಾದರೆ ಮಾತು ಬೇರೆ.

ತೊಳೆದು ಟ್ಯೂನ್ ಮಾಡಿ ಎರಡು ದಿನ ಓಡಿಸಿದ ಮೇಲೆ ಪ್ಲಗ್ ಬಿಚ್ಚಿ ನೋಡಿ. ನಡುವಿನ ಪಿಂಗಾಣಿ ಹಾಲು ಹೆಚ್ಚಾದ ಕಾಫಿಯ ಬಣ್ಣದಲ್ಲಿದ್ದರೆ ಸರಿ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು. ಸುಣ್ಣದಂತೆ ಬಿಳಿಯಾಗಿದ್ದು, ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರ್ ಪಟಪಟ ಅನ್ನುತ್ತಿದ್ದರೆ ಪೆಟ್ರೋಲ್ ಕಡಿಮೆ. ಎಥೆನಾಲ್ ಬೆರೆತ ಪೆಟ್ರೋಲಿನಲ್ಲಿ ಪ್ಲಗ್ ಬಣ್ಣ ಮೊದಲಿಗಿಂತ ತಿಳಿಯೇ ಇರುತ್ತದೆ, ತುಸು ತಿಳಿ ಎಂದು ಗಾಬರಿ ಬೇಡ. ಆಗಲೂ ಜೆಟ್ ಬದಲಿಸಲೇಬೇಕು ಅನ್ನಿಸಿದರೆ ಜೆಟ್ಟಿನ ಮೈಮೇಲೆ ಕೊರೆದಿರುವ ಅಂಕಿ ನೋಡಿ ಒಂದೇ ಮೆಟ್ಟಿಲು ಆಚೀಚೆ ಹೋಗಿ. ಕೇಹಿನ್ ಕಂಪನಿಯ ಮಾದರಿಯಲ್ಲಿ 95 ಎಂದರೆ ಸರಿಸುಮಾರು 0.95 ಮಿ.ಮೀ. ತೂತು. ಮಿಕುನಿ ಕಂಪನಿಯ ಷಟ್ಕೋನ ಜೆಟ್ಟಿನ ಅಂಕಿ ತೂತಿನದಲ್ಲ, ಹರಿವಿನದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಹೊಸ ಕಾರ್ಬ್ಯುರೇಟರ್ ಯಾವಾಗ ಬೇಕು? ಸ್ಲೈಡ್ ಬಾಡಿಯೊಳಗೆ ಗಡಗಡ ಆಡುತ್ತಿದ್ದರೆ, ಅದರ ಮೈಮೇಲೆ ಉಗುರಿಗೆ ಸಿಗುವಷ್ಟು ಗೀರು ಬಿದ್ದಿದ್ದರೆ, ಬಾಡಿಗೇ ಕೂರಿಸಿದ ನೀಡಲ್ ಸೀಟ್ ಕಿಲುಬಿಗೆ ತೂತುತೂತಾಗಿದ್ದರೆ. ಆಗಲೂ ಕೊಳವೆಯ ಒಳ ಅಳತೆ, ಬೋಲ್ಟ್ ತೂತುಗಳ ಅಂತರ, ಫಿಲ್ಟರ್ ಕಡೆಯ ಬಾಯಿಯ ಹೊರ ಅಳತೆ, ಚೋಕ್ ಲಿವರ್ ಇರುವ ಮಗ್ಗುಲು ಇಷ್ಟೂ ಹಳೆಯದಕ್ಕೆ ಹೊಂದಬೇಕು. ದೊಡ್ಡದು ಹಾಕಿದರೆ ಶಕ್ತಿ ಹೆಚ್ಚುತ್ತದೆ ಎಂದು ನಂಬಬೇಡಿ. ಕೊಳವೆ ಅಗಲವಾದರೆ ಕಡಿಮೆ ವೇಗದಲ್ಲಿ ಗಾಳಿಯ ನುಗ್ಗಾಟ ತಗ್ಗಿ, ಗೊಬ್ಬರದ ಮೂಟೆ ಹೇರಿಕೊಂಡು ಏರು ಹತ್ತುವಾಗಲೇ ಎಳೆತ ಸೊರಗುತ್ತದೆ. ಹಳೆಯದರ ಜೆಟ್ ಚೆನ್ನಾಗಿದ್ದರೆ ಅದರ ಅಂಕಿ ಬರೆದಿಟ್ಟು, ಹೊಸದರಲ್ಲೂ ಅದೇ ಅಂಕಿ ಇದೆಯೇ ನೋಡಿ.

ಬರುವ ವರ್ಷ ಮೇ ಕೊನೆಗೆ, ಮಳೆ ಹಿಡಿಯುವ ಮುಂಚೆ: ಟ್ಯಾಪ್ ಮುಚ್ಚಿ ಎಂಜಿನ್ ತಾನೇ ನಿಲ್ಲುವವರೆಗೆ ಓಡಿಸಿ. ಆಮೇಲೂ ಬಟ್ಟಲಿನ ತಳದಲ್ಲಿ ಒಂದೆರಡು ಚಮಚ ಉಳಿದಿರುತ್ತದೆ, ಸ್ಲೋ ಜೆಟ್ಟಿಗೆ ಶತ್ರು ಅದೇ. ಡ್ರೈನ್ ಸ್ಕ್ರೂ ತೆರೆದು ಅದನ್ನೂ ಇಳಿಸಿ, ಮತ್ತೆ ಮುಚ್ಚಿ. ಟ್ಯಾಂಕಿನ ಪೆಟ್ರೋಲನ್ನು ಜೀಪಿಗೋ ಬೈಕಿಗೋ ಹಾಕಿ ಮುಗಿಸಿ. ಅದನ್ನು ವೀಡ್ ಕಟರಿಗೆಂದು 2ಟಿ ಆಯಿಲ್ ಬೆರೆಸಿಟ್ಟ ಕ್ಯಾನಿಗೆ ಸುರಿದು, ಕೊನೆಗೆ ಮರೆತು ಅದೇ ಕ್ಯಾನಿನಿಂದ ಎಟಿವಿಗೆ ತುಂಬಬೇಡಿ. ವೆಂಟ್ ಮತ್ತು ಓವರ್‌ಫ್ಲೋ ಪೈಪುಗಳ ಬಾಯಿಗೆ ಸಣ್ಣ ಜಾಲರಿ ಬಟ್ಟೆ ಕಟ್ಟಿ, ಕಣಜ ಒಳಹೋಗದು. ಸೆಪ್ಟೆಂಬರಿನಲ್ಲಿ ಹೊರತೆಗೆದಾಗ ಮೊದಲು ಆ ಬಟ್ಟೆ ಬಿಚ್ಚಿ, ಹೊಸ ಪೆಟ್ರೋಲ್ ಹಾಕಿ, ಟ್ಯಾಪ್ ತೆರೆದು ಬಟ್ಟಲು ತುಂಬಲು ಒಂದು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿ.